ಡಬ್ಲಿನ್‌ಗೆ ರಿಪೇರಿಗೆ ಹೋದ ಈಳಿಗೆಮಣೆ

ಅಕ್ಕನಿಗೆ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಅಮ್ಮನ ಈಳಿಗೆಮಣೆ ಇವತ್ತಿಗೂ ಈಳಿಗೆಮಣೆಯಾಗಿಯೇ ಇರುತ್ತಿತ್ತು.

ಅಮ್ಮ ತೀರಿಕೊಂಡಾಗ ಅಕ್ಕ ಒಡವೆ ಕೇಳಲಿಲ್ಲ, ಕೇಳಿದ್ದು ಅದೊಂದನ್ನೇ. ಸೀರೆಗಳಲ್ಲಿ ಸುತ್ತಿ ಮೈಸೂರಿನಿಂದ ಡಬ್ಲಿನ್‌ನ ತನ್ನ ಮನೆಗೆ ತಂದಿದ್ದಳು. ನಾನು ಕಾಡಿ ಬೇಡಿ ಹಬ್ಬಕ್ಕೆಂದು ಅದೇ ಐರ್ಲೆಂಡಿನ ಕಾರ್ಕ್ ಊರಿನ ನನ್ನ ಮನೆಗೆ ಎರವಲು ತಂದೆ. ಹಿಂದೆಯೇ ಲಾಕ್‌ಡೌನ್!

ಮನೆಯಲ್ಲಿ ಸುಮ್ಮನೆ ಕೂರಲಾರದೆ ಗೋಡೆಗೆ ಬಣ್ಣ ಹೊಡೆಯಲು ಹೊರಟೆ. ಪೇಂಟ್ ಡಬ್ಬಿಯ ಮುಚ್ಚಳವನ್ನು ಈಳಿಗೆಯ ತುದಿಯ ಕಾಯಿ ತುರಿಯುವ ಹಲ್ಲಿನಿಂದ ಮೀಟಿದೆ. ಮುಚ್ಚಳ ಅಲ್ಲಾಡಲಿಲ್ಲ. ಹಲ್ಲು ಸೊಟ್ಟಗಾಯಿತು!

"ಅಕ್ಕಂಗೆ ಫೋನ್ ಮಾಡಿ ಹೇಳ್ಬಿಡಿ," ಎಂದಳು ಹೆಂಡತಿ.

"ರಿಪೇರಿ ಮಾಡಿಸಿದ್ರೆ ಅವಳಿಗೆ ಗೊತ್ತೇ ಆಗಲ್ಲ, ಸುಮ್ನಿರು!"

ಡಬ್ಲಿನ್‌ನಲ್ಲೇ ಚಾಕು ತಯಾರಿಸುವ ಒಬ್ಬರು ಸಿಕ್ಕರು. ಅವರಿಗೆ ಕೊರಿಯರ್ ಮಾಡಿ, ಸರಿಯಾದ ಮೇಲೆ ನೇರವಾಗಿ ಅಕ್ಕನ ಮನೆಗೇ ಕಳಿಸಿ ಎಂದೆ. ಏಳನೇ ಕ್ಲಾಸಿಗೆ ಓದು ಬಿಟ್ಟವನ ಬುದ್ಧಿ ನೋಡಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ!

ಅವರಿಂದ ಫೋನ್ ಬಂತು. "ಇದರ ಹಿಡಿ ಎಲ್ಲಿ?"

ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. "ಹಿಡಿ ಇಲ್ಲ ಸರ್. ನಮ್ಮಕ್ಕ ಅದರ ಮೇಲೆ ಕೂರ್ತಾಳೆ."

ಅವರು ಇನ್ನೊಮ್ಮೆ ಕೇಳಿದರು.

"ಚಾಕುವಿನ ಮೇಲಾ?"

"ಹೌದು ಸರ್. ನಮ್ಮಮ್ಮನೂ ಕೂರ್ತಿದ್ರು."

"ದೇವರೇ! ನೀವು ಚಿಂತೆ ಮಾಡ್ಬೇಡಿ. ನಾನು ಸರಿ ಮಾಡ್ತೀನಿ."

"ಗ್ರ್ಯಾಂಡ್ ಸರ್, ಗ್ರ್ಯಾಂಡ್!" ಎಲ್ಲದಕ್ಕೂ 'ಸರಿ' ಎನ್ನಲು ಇಲ್ಲಿಯವರು ಹೇಳುವ ಮಾತನ್ನೇ ನಾನೂ ಹೇಳಿದೆ.

ಈಳಿಗೆಮಣೆ ಕೊರಿಯರ್‌ನಲ್ಲಿ ಬರುತ್ತದೆ ಎಂದಷ್ಟೇ ಅಕ್ಕನಿಗೆ ಹೇಳಿದ್ದೆ. ಪಾರ್ಸೆಲ್ ತಲುಪಿದ ದಿನ ಅವಳು ವಿಡಿಯೊ ಕಾಲ್ ಮಾಡಿದಳು. ಕಾಯಿ ಒಡೆದಿಟ್ಟುಕೊಂಡು ನೆಲದ ಮೇಲೆ ಸಿದ್ಧವಾಗಿ ಕೂತಿದ್ದಳು. ಪೆಟ್ಟಿಗೆಯಿಂದ ಹೊರಬಂದದ್ದು ಥಳಥಳ ಹೊಳೆಯುವ, ಮರದ ಹಿಡಿಯ ಚಾಕು. ಅಲಗು ಅಮ್ಮನದೇ! ತುರಿಯುವ ಹಲ್ಲುಗಳನ್ನು ಒಂದೂ ಬಿಡದೆ ಉಜ್ಜಿ ತೆಗೆದಿದ್ದರು. ಮಣೆ? ಅದು ಪಾಲಿಶ್ ಹೊಡೆಸಿಕೊಂಡು ಚೀಸ್ ಕತ್ತರಿಸುವ ಹಲಗೆಯಾಗಿತ್ತು. ಜೊತೆಗೊಂದು ಚೀಟಿ: "ಇನ್ನು ನಿಮ್ಮ ಮನೆಯಲ್ಲಿ ಯಾರೂ ಚಾಕುವಿನ ಮೇಲೆ ಕೂರಬೇಕಾಗಿಲ್ಲ."



"ಏನೋ ಇದು? ಅಮ್ಮ ಕೂರ್ತಿದ್ದ ಮಣೆ ಎಲ್ಲೋ?" ಅಕ್ಕ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ನಾನು ಮೆಲ್ಲಗೆ ಮೈಕ್ ಬಂದ್ ಮಾಡಿಕೊಂಡು, ಅತ್ಯಂತ ಪ್ರಾಮಾಣಿಕವಾಗಿ ಕ್ಷಮೆ ಕೇಳಿದೆ. ಅಕ್ಕನಿಗೆ ಕಂಡದ್ದು ಅಲ್ಲಾಡುವ ತುಟಿ ಮಾತ್ರ.

"ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ? ಜೋರಾಗಿ ಹೇಳು!"

ಹೆಂಡತಿ ಹಿಂದಿನಿಂದ ಕೈ ಚಾಚಿ ಮೈಕ್ ತೆರೆದಳು. ಎಂಥ ಧರ್ಮಪತ್ನಿ!

"ಪೇಂಟ್ ಡಬ್ಬಿ ತೆಗೆಯೋಕೆ ಹೋಗಿ ನಾನೇ ಹಾಳು ಮಾಡ್ದೆ ಅಕ್ಕ. ಅದನ್ನ ಮುಚ್ಚಿಡೋಕೆ ಹೋಗಿ ಅಮ್ಮನ ಮಣೆನೇ ಕಳೆದುಬಿಟ್ಟೆ. ತಪ್ಪಾಯ್ತು."