ಸೈಕಲ್ಲಿಗೆ ಜಾಲಿಮುಳ್ಳಿನ ಕಾವಲು

ಅನುಮಾನ ನನಗೆ ಅಪ್ಪನಿಂದ ಬಂದ ಆಸ್ತಿ. ಹಾಲಿಗೆ ನೀರು ಬೆರೆಸಿದ್ದಾರೆಂದು ಎಲ್ಲರೂ ಅನುಮಾನ ಪಡುತ್ತಾರೆ. ಅಪ್ಪ ತಾವೇ ಹಾಲು ಕರೆದ ದಿನವೂ ಪಡುತ್ತಿದ್ದರು. ಹೀಗಾಗಿ ನನ್ನ ಸೈಕಲ್ಲು ಮೊದಲ ಸಲ ಪಂಕ್ಚರಾಗಿ, ಚಕ್ರದಲ್ಲಿ ಎತ್ತಿನ ಲಾಳದ ಮೊಳೆ ಸಿಕ್ಕಿದಾಗ, ಅದು ತಾನಾಗಿ ಚುಚ್ಚಿಕೊಂಡಿತೆಂದು ನಾನು ನಂಬಲಿಲ್ಲ.

ಆಗ ಕೆರಗೋಡಿನಲ್ಲಿ ಮನೆ ಮಾಡಿಕೊಂಡು, ನಾಲೆಯಾಚೆಯ ಹಳ್ಳಿಯ ಶಾಲೆಗೆ ಮೇಷ್ಟರಾಗಿ ಹೋಗಿಬರುತ್ತಿದ್ದೆ. ಯುದ್ಧದ ಕಾಲ, ಹೊಸ ಟ್ಯೂಬು ಕಣ್ಣಿಗೂ ಬೀಳುತ್ತಿರಲಿಲ್ಲ. ಇನ್ನೊಮ್ಮೆ ತಡವಾದರೆ ಮಳವಳ್ಳಿಯಾಚೆ ಕಾಡಂಚಿಗೆ ವರ್ಗ ಮಾಡಿಸುತ್ತೇನೆಂದು ಹೆಡ್‌ಮಾಸ್ಟರು ಹೇಳಿದ್ದರು. ಮನೆಯಲ್ಲಿ ಹೆಂಡತಿ ಹಸಿ ಬಾಣಂತಿ. ವರ್ಗವೆಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ನನ್ನ ಅನುಮಾನವೆಲ್ಲ ಪಕ್ಕದ ಮನೆಯ ಚಿಕ್ಕೇಗೌಡರ ಮೇಲೆ. ಮಗನಿಗೆ ಹೆಣ್ಣು ನೋಡಲು ಬೆಸಗರಹಳ್ಳಿಗೆ ಹೋಗಬೇಕೆಂದು ಅವರು ಸೈಕಲ್ಲು ಕೇಳಿದ್ದರು. ಬ್ರೇಕು ಸರಿಯಿಲ್ಲವೆಂದು ನಾನು ಜಾರಿಕೊಂಡೆ. ಅವರು ನಕ್ಕು ಹೋದರು. ಕೋಪ ಬರಬೇಕಾದ ಕಡೆ ನಗುವವರನ್ನು ನಂಬುವುದು ಹೇಗೆ? ಸೈಕಲ್ಲಿಗೆ ಕಾವಲು ಬೇಕಾಯಿತು. ಹುಲ್ಲಿನ ಮೆದೆಯಿರಲಿ, ನುಗ್ಗೆಸಸಿಯಿರಲಿ, ಕಾಯಬೇಕಾದದ್ದರ ಸುತ್ತ ಜಾಲಿಮುಳ್ಳು ಹಾಕುವುದು ನಮ್ಮ ಕಡೆಯ ರೂಢಿ. ನಮ್ಮ ಬೀದಿಯಲ್ಲಿ ಜಾಲಿಮರ ಇದ್ದದ್ದು ಗೌಡರ ಹೊಲದ ಬದುವಿನಲ್ಲಿ ಮಾತ್ರ. ಕೋಳಿ ಕಾಟವೆಂದು ಸುಳ್ಳು ಹೇಳಿ, ಅವರಿಂದಲೇ ಮುಳ್ಳು ತರಿಸಿಕೊಂಡು, ಹಿತ್ತಿಲಲ್ಲಿ ಸೈಕಲ್ಲಿನ ಸುತ್ತ ಬೇಲಿ ಕಟ್ಟಿದೆ.

ಅಲ್ಲಿಂದ ಶುರುವಾಯಿತು ನೋಡಿ. ಇಂದು ಮುಂದಿನ ಚಕ್ರ, ನಾಳೆ ಹಿಂದಿನದು. ಹೇಗೋ ಗಂಟೆ ಹೊಡೆಯುವ ಹೊತ್ತಿಗೆ ಓಡಿ ಶಾಲೆ ಸೇರಿಕೊಳ್ಳುತ್ತಿದ್ದೆ. ಅರಳಿಮರದಡಿ ಸೈಕಲ್ ರಿಪೇರಿ ಮಾಡುವ ಬಾಷಾ ಸಾಹೇಬರು, "ತ್ಯಾಪೆ ಕಾಣ್ತದೆ ಮೇಷ್ಟ್ರೇ, ಟ್ಯೂಬ್ ಎಲ್ಲದೆ ತೋರ್ಸಿ" ಎನ್ನುತ್ತ ಪ್ರತಿ ಸಲವೂ ಒಂದು ಜಾಲಿಮುಳ್ಳನ್ನು ಕಿತ್ತು ನನ್ನ ಅಂಗೈಗೆ ಹಾಕುತ್ತಿದ್ದರು. ಜಾಲಿ ಯಾರ ಹೊಲದ್ದು? ಗೌಡರದ್ದು. ಇನ್ನು ಬೇರೆ ಸಾಕ್ಷಿ ಏಕೆ? ಬೇಲಿಯನ್ನು ಇನ್ನಷ್ಟು ದಪ್ಪ ಮಾಡಿದೆ. ಗೌಡರು ಬೇಸರವಿಲ್ಲದೆ ಮುಂಬಾಗಿಲಲ್ಲಿ ಮುಳ್ಳಿನ ಹೊರೆ ಇಳಿಸಿ, "ಈ ಕೋಳಿಗೊಳು ಬೋ ಕಿಲಾಡಿ ಕಣ್ ಮೇಷ್ಟ್ರೇ" ಎನ್ನುತ್ತಿದ್ದರು. ಆ ಮಾತನ್ನೂ ನಾನು ತಿರುಗಿಸಿ ತಿರುಗಿಸಿ ನೋಡಿದೆ.

ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ಎರಡೂ ಚಕ್ರ ನೆಲ ಕಚ್ಚಿದ್ದವು. ನೆಟ್ಟಗೆ ಗೌಡರ ಅಂಗಳಕ್ಕೆ ನುಗ್ಗಿ, "ಚುಚ್ಚಿದವರು ನೀವೇ" ಎಂದುಬಿಟ್ಟೆ. ಅವರು ನೇರ ನನ್ನ ಹಿತ್ತಿಲಿಗೆ ಬಂದರು. ಬೇಲಿ ನೋಡಿದರು, ಸೈಕಲ್ಲು ನೋಡಿದರು.

"ಇದ ದಿನಾ ಈಚೆಗೆ ಎಂಗ್ ತಗೀತೀರಿ?"

"ಕೊಂಬೆ ಸರಿಸಿ ತಳ್ಳಿಕೊಂಡು ಬರುತ್ತೇನೆ."

"ಕೊಂಬೆ ಸರಿಸ್ತೀರಿ. ಉದುರಿರೋ ಮುಳ್ಳ?"

ನಾನು ಬಗ್ಗಿ ನೆಲ ನೋಡಿದೆ. ಸೈಕಲ್ಲು ತಳ್ಳುವ ದಾರಿಯ ತುಂಬ ಮುಳ್ಳು.

"ಕೋಳೀಗೆ ಅಂದ್ರಲ್ಲ ಮೇಷ್ಟ್ರೇ, ನಂಗೇನ್ ಗೊತ್ತು. ಓಗ್ಲಿ ಬುಡಿ, ಗಾಡಿ ಕಟ್ತೀನಿ, ಅತ್ಕಳಿ."

ಎತ್ತುಗಳನ್ನು ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಕಂಡಿರಲಿಲ್ಲ. ಇನ್‌ಸ್ಪೆಕ್ಟರು ಬರುವ ಮೊದಲೇ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದೆ, ವರ್ಗ ತಪ್ಪಿತು. ಗೌಡರು ಗಾಡಿ ತಿರುಗಿಸುತ್ತ, "ಸಂಜಿಕ್ಕೂ ಬತ್ತೀನಿ, ಬಿಸ್ಲಲ್ ನಡ್ಕಬರಬ್ಯಾಡಿ" ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ಆ ನಾಚಿಕೆ ಮಕ್ಕಳು ಮಗ್ಗಿ ಹೇಳಿ ಮುಗಿಸುವವರೆಗೂ ಇತ್ತು. ಆಮೇಲೆ ಮೆಲ್ಲಗೆ ಯೋಚನೆ ಹತ್ತಿತು. ಮುಖದ ಮೇಲೆ ಅಂಥ ಮಾತು ಅನ್ನಿಸಿಕೊಂಡೂ ಗಾಡಿ ಕಟ್ಟಿ ಕರೆತಂದು, ಸಂಜೆಗೂ ಬರುತ್ತೇನೆನ್ನುವ ಮನುಷ್ಯ, ಸುಮ್ಮನೆ ಹಾಗೆ ಮಾಡುತ್ತಾನೆಯೆ?