ಪುಷ್ಪಾಳ ಅರ್ಜಿ ಮತ್ತು ನನ್ನ ಸೈಕಲ್ಲು

ಎರಡು ಡಿಗ್ರಿ, ಬ್ಯಾಂಕಿನ ಇಲಾಖಾ ಪರೀಕ್ಷೆಗಳು, ಇಪ್ಪತ್ತೆರಡು ವರ್ಷದ ಸರ್ವೀಸು ಎಲ್ಲ ಇದ್ದೂ ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಈ ಸಂಗತಿಯನ್ನು ನಲವತ್ತಾರನೆಯ ವಯಸ್ಸಿನವರೆಗೆ ಯಶಸ್ವಿಯಾಗಿ ಮುಚ್ಚಿಟ್ಟಿದ್ದೆ. ಅದೇನೂ ದೊಡ್ಡ ಸಾಹಸವಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟ ಬ್ಯಾಂಕ್ ಅಧಿಕಾರಿಯನ್ನು ಯಾರೂ ‘ಮೇಡಂ, ಒಂದು ರೌಂಡ್ ಹೊಡೆದು ತೋರಿಸಿ’ ಎಂದು ಕೇಳುವುದಿಲ್ಲ. ನಮ್ಮಪ್ಪ ಒಂದು ಲೆಕ್ಕದಲ್ಲಿ ಧಾರಾಳ ಮನುಷ್ಯ. “ಎಷ್ಟು ಬೇಕಾದ್ರೂ ಓದು ಮಗಳೇ, ಬೇಡ ಅನ್ನಲ್ಲ. ಸೈಕಲ್ ಒಂದು ಬೇಡ. ಬಿದ್ದು ಮುಂದಿನ ಹಲ್ಲು ಮುರ್ಕೊಂಡ್ರೆ ಯಾವ ಪುಣ್ಯಾತ್ಮ ನಿನ್ನ ಮದುವೆ ಆಗ್ತಾನೆ?” ಎನ್ನುತ್ತಿದ್ದರು. ಅಣ್ಣಂದಿರಿಬ್ಬರೂ ಬೀಳುತ್ತ ಏಳುತ್ತ ಸೈಕಲ್ ಕಲಿತರು. ನಾನು ಹಲ್ಲುಗಳನ್ನು ಕಾಪಾಡಿಕೊಂಡು ಕಾಮರ್ಸ್ ಓದಿದೆ. ಪುಣ್ಯಾತ್ಮರೂ ಸಿಕ್ಕರು.

ಬಡ್ತಿಯ ಜೊತೆಯಲ್ಲಿ ದೆಹಲಿಗೆ ವರ್ಗವಾದಾಗ ಪುಣ್ಯಾತ್ಮರು ಮೈಸೂರಿನ ತಮ್ಮ ಕಾಲೇಜಿನಲ್ಲೇ ಉಳಿದರು. ಮಗಳು ಹಾಸ್ಟೆಲ್ ಸೇರಿದಳು. ನನಗೆ ಓಖ್ಲಾದ ಶಾಖೆ, ಅಲ್ಲಿಂದ ಸ್ವಲ್ಪ ದೂರದ ಕಾಲನಿಯಲ್ಲಿ ಒಂದು ಬರ್ಸಾತಿ. ತಾರಸಿಯ ಮೇಲಿನ ಒಂಟಿ ಕೋಣೆಗೆ ದೆಹಲಿಯವರು ಇಟ್ಟ ಹೆಸರು ಅದು. ವಾರದ ಆರು ದಿನ ಹೇಗೋ ಕಳೆಯುತ್ತಿದ್ದವು. ಭಾನುವಾರ ಮಾತ್ರ ಬೆಳಿಗ್ಗೆ ಬಂದು ಕೂತರೆ ಏಳದ ನೆಂಟನ ಹಾಗೆ. ಬಟ್ಟೆ ಒಗೆದು, ಒಣಗಿಸಿ, ಮಡಿಸಿ ಗಡಿಯಾರ ನೋಡಿದರೆ ಹನ್ನೊಂದೂವರೆ. ಮೈಸೂರಿಗೆ ಫೋನ್ ಮಾಡಿದರೆ “ಊಟ ಆಯ್ತಾ?” “ಆಯ್ತು.” “ಚಳಿ ಇದೆಯಾ?” “ಇದೆ.” ಅಲ್ಲಿಗೆ ದಾಂಪತ್ಯ ಮುಗಿಯಿತು. ನನ್ನ ಧ್ವನಿ ನನಗೇ ಮರೆತುಹೋದೀತೆಂಬ ಭಯಕ್ಕೆ ತರಕಾರಿ ಭಯ್ಯಾನ ಗಾಡಿ ನಿಲ್ಲಿಸಿ ಬೇಡದ ಮೂಲಂಗಿಗೆ ಹತ್ತು ನಿಮಿಷ ಚೌಕಾಶಿ ಮಾಡುತ್ತಿದ್ದೆ. ಆಮೇಲೆ ವಾರವಿಡೀ ಮೂಲಂಗಿ ಹುಳಿ.

ಇಂಥ ದಿನಗಳಲ್ಲಿ ರೊಟ್ಟಿ ಮಾಡಲು ಬರುತ್ತಿದ್ದವಳು ಪುಷ್ಪಾ. ಮೂವತ್ತರ ಆಸುಪಾಸು, ಉತ್ತರ ಪ್ರದೇಶದ ಹಳ್ಳಿಯವಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಎಮ್ಮೆಗೆ ಹುಲ್ಲು ತರುತ್ತಿದ್ದಳಂತೆ. ಸೈಕಲ್ಲಿಗೆ ಯಾರದೂ ತಕರಾರಿರಲಿಲ್ಲ, ಓದು ಮಾತ್ರ ಎಂಟನೆಯ ಕ್ಲಾಸಿಗೆ ಸಾಕು ಎಂದರು. ಒಂದು ಭಾನುವಾರ ಲಟ್ಟಿಸುತ್ತಲೇ ಕೇಳಿದಳು: “ದೀದಿ, ಹತ್ತನೇ ಕ್ಲಾಸ್ ಮನೇಲೇ ಓದಿ ಕಟ್ಟಬಹುದಂತೆ, ಸಚ್? ಪಾಸಾದ್ರೆ ನರ್ಸಿಂಗ್ ಹೋಮಿನಲ್ಲಿ ಕೆಲಸ ಕೊಡ್ತಾರಂತೆ. ಎಷ್ಟು ಮನೆ ರೊಟ್ಟಿ ಲಟ್ಟಿಸ್ತಾ ಇರಲಿ?” ನಾನು ಕಲಿಸುತ್ತೇನೆ ಎಂದೆ. ಹಾಗಾದರೆ ಬದಲಿಗೆ ತಾನೇನು ಮಾಡಲಿ ಎಂದು ಅವಳು ಪಟ್ಟು ಹಿಡಿದಾಗ, ನಲವತ್ತಾರು ವರ್ಷದ ಗುಟ್ಟು ಬಾಯಿಂದ ಜಾರಿತು. ಪುಷ್ಪಾ ಲಟ್ಟಣಿಗೆ ಕೆಳಗಿಟ್ಟು ನಕ್ಕಳು. ಅದುವರೆಗೆ ಆ ಕೋಣೆಯಲ್ಲಿ ಯಾರೂ ಅಷ್ಟು ಹೊತ್ತು ನಕ್ಕಿರಲಿಲ್ಲ.

ಕರೋಲ್ ಬಾಗ್ ಕಡೆ ಹೋಗಿ ಬುಟ್ಟಿಯಿರುವ ಲೇಡೀಸ್ ಸೈಕಲ್ ತಂದದ್ದಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಕಾಲನಿಯ ಪಾರ್ಕಿನ ಸುತ್ತ ನಮ್ಮ ಮೆರವಣಿಗೆ. ಸಲ್ವಾರ್ ಕಮೀಜಿನಲ್ಲಿ ನಾನು ಮುಂದೆ, ಕ್ಯಾರಿಯರ್ ಹಿಡಿದು ಓಡುತ್ತ ಪುಷ್ಪಾ ಹಿಂದೆ. “ದೀದಿ, ನೀಚೆ ಮತ್ ದೇಖೋ! ಸಾಮ್ನೆ, ಮುಂದೆ ನೋಡಿ!” ಓಟ ಅವಳದು, ಏದುಸಿರು ನನ್ನದು. ವಾಕಿಂಗ್ ಬಂದ ಗಂಡಸರು ಸರ್ಕಾರದ ಭ್ರಷ್ಟಾಚಾರದ ಚರ್ಚೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಮೂರನೆಯ ವಾರ “ಹಿಡ್ಕೊಂಡಿದೀಯಾ?” ಎಂದಾಗ ಬಂದ “ಹಾಂ ದೀದಿ” ತೀರ ದೂರದಿಂದ ಕೇಳಿಸಿತು. ತಿರುಗಿ ನೋಡಿ ನೇರ ಮೆಹಂದಿ ಬೇಲಿಗೆ ನುಗ್ಗಿದೆ. ಮೊಣಕೈ ತರಚಿತು, ಆದರೆ ಸೈಕಲ್ ಬಂತು.

ಸೈಕಲ್ ಮುಗಿದರೆ ಪಾಠ. ತಾರಸಿಯ ಬಿಸಿಲಿನಲ್ಲಿ ಚಾಪೆ ಹಾಸಿ ಗಣಿತ, ವಿಜ್ಞಾನ, ನಡುವೆ ಚಹಾ, ಅವಳ ಅತ್ತೆಯ ಸುದ್ದಿ, ನನ್ನ ಮಗಳ ಸುದ್ದಿ. ಪುಷ್ಪಾ ಚುರುಕು. ಗೋಳದ ಘನಫಲವನ್ನು ಹಿಟ್ಟಿನ ಉಂಡೆ ಹಿಡಿದು ಅರ್ಥಮಾಡಿಕೊಂಡಳು. ಅಲ್ಲೇ ನನಗೆ ಹೆದರಿಕೆ ಶುರುವಾದದ್ದು. ಇವಳು ಪಾಸಾದರೆ ನರ್ಸಿಂಗ್ ಹೋಮಿಗೆ ಹೋಗುತ್ತಾಳೆ. ನನಗೆ ಮತ್ತೆ ಮೂಲಂಗಿಯೇ ಗತಿ.

ಶಾಖೆಯಲ್ಲಿ ನನ್ನ ಕೆಲಸ ಅರ್ಜಿಗಳ ಪರಿಶೀಲನೆ. ಇಷ್ಟವಿಲ್ಲದ ಅರ್ಜಿಯನ್ನು ತಿರಸ್ಕರಿಸಬೇಕಾಗಿಲ್ಲ, ಒಂದೊಂದೇ ಆಕ್ಷೇಪಣೆ ಬರೆದು ವಾಪಸು ಕಳಿಸುತ್ತಿದ್ದರೆ ಸಾಕು ಎಂಬುದು ಇಪ್ಪತ್ತೆರಡು ವರ್ಷದಲ್ಲಿ ನಾನು ಕಲಿತ ವಿದ್ಯೆ. ಅದನ್ನೇ ಪುಷ್ಪಾಳ ನೋಟ್‌ಬುಕ್ಕಿನ ಮೇಲೆ ಪ್ರಯೋಗಿಸಿದೆ. ಉತ್ತರ ಸರಿಯಿದ್ದರೆ ಹಂತ ಸಾಲದು, ಹಂತ ಸರಿಯಿದ್ದರೆ ಅಕ್ಷರ ದುಂಡಗಿಲ್ಲ. ಮಾರ್ಚಿನಲ್ಲಿ ಬ್ಯಾಂಕಿನವರು ಮಹಿಳಾ ದಿನಾಚರಣೆಗೆ ನನ್ನಿಂದ ಭಾಷಣ ಮಾಡಿಸಿದರು. ‘ಶಿಕ್ಷಣದಿಂದಲೇ ಸ್ತ್ರೀ ಸಬಲೀಕರಣ’ ಎಂದು ಇಪ್ಪತ್ತು ನಿಮಿಷ ಗುಡುಗಿ, ಚಪ್ಪಾಳೆ, ಸಮೋಸ ಎರಡನ್ನೂ ಸ್ವೀಕರಿಸಿ ಮನೆಗೆ ಬಂದೆ. ಪುಷ್ಪಾ ಪರೀಕ್ಷೆಯ ಫಾರಂ ಹಿಡಿದು ಕಾಯುತ್ತಿದ್ದಳು. “ಇನ್ನೂ ತಯಾರಿ ಸಾಲದು ಪುಷ್ಪಾ, ಇನ್ನೊಂದು ವರ್ಷ ನೋಡೋಣ” ಎಂದೆ. ಅವಳು “ಅಚ್ಛಾ ದೀದಿ” ಎಂದು ಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅವತ್ತಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆದರೂ ಮಾತು ಬದಲಿಸಲಿಲ್ಲ.

ದಸರೆಯ ಹೊತ್ತಿಗೆ ಒಂದು ದಿನ ಬಂದವಳೇ ಹಾಲ್ ಟಿಕೆಟ್ ಮುಂದಿಟ್ಟಳು. ಫಾರಂ ತಾನೇ ತುಂಬಿ, ತಾನೇ ಕೊಟ್ಟು ಬಂದಿದ್ದಳು. “ನನಗೊಂದು ಮಾತು ಹೇಳಬಾರದಿತ್ತಾ?” ಎಂದು ರೇಗಿದೆ.

“ಕೇಳಿದ್ದೆನಲ್ಲ ದೀದಿ,” ಎಂದಳು ಮೆಲ್ಲಗೆ. “ನಿಮಗೆ ಸೈಕಲ್ ಕಲಿಸುವಾಗ ನಾನೂ ಇನ್ನೊಂದು ವರ್ಷ ಹಿಡಿದುಕೊಂಡೇ ಓಡಬಹುದಿತ್ತು. ಛೋಡ್ ದಿಯಾ ನಾ? ಬಿಟ್ಟುಬಿಟ್ಟೆನಲ್ಲ?”

ಅರ್ಜಿ ವಾಪಸು ಕಳಿಸಲು ಆಕ್ಷೇಪಣೆ ಹುಡುಕಿದೆ. ಒಂದೂ ಸಿಗಲಿಲ್ಲ. ಪರೀಕ್ಷಾ ಕೇಂದ್ರಕ್ಕೆ ನೇರ ಬಸ್ಸಿಲ್ಲ, ಸೈಕಲ್ ಕೊಡುತ್ತೀರಾ ಎಂದಳು. ಕೊಟ್ಟೆ. ಮೊದಲ ಪರೀಕ್ಷೆಯ ದಿನ ರಜೆ ಹಾಕಿ ಕಾಲನಿಯ ಗೇಟಿನವರೆಗೆ ಹೋದೆ. ಅವಳು ಪೆಡಲ್ ತುಳಿದಾಗ ಯಾಕೋ ಕ್ಯಾರಿಯರ್ ಹಿಡಿದು ಹಿಂದೆಯೇ ಓಡಿದೆ. “ದೀದಿ, ಛೋಡಿಯೇ, ಹೊತ್ತಾಗ್ತಿದೆ!” ಎಂದು ಕೂಗಿದಳು. ಬಿಟ್ಟೆ. ತಿರುವಿನಲ್ಲಿ ಅವಳು ಮರೆಯಾದ ಮೇಲೆ ಪಾರ್ಕಿನ ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕೂತು ದೇವರಿಗೆ ಕೈಮುಗಿದೆ. ಎಲ್ಲ ವಿಷಯದಲ್ಲೂ ಪಾಸು ಮಾಡಪ್ಪಾ, ಗಣಿತ ಒಂದು ಉಳಿದರೂ ಚಿಂತೆಯಿಲ್ಲ, ಇನ್ನಾರು ತಿಂಗಳ ಭಾನುವಾರ ನನಗೆ ಸಿಗುತ್ತದೆ ಎಂದು ಕೇಳಿಕೊಂಡೆ.

ದೇವರು ಮೊದಲರ್ಧವನ್ನಷ್ಟೇ ಕೇಳಿಸಿಕೊಂಡ. ಪುಷ್ಪಾ ಎಲ್ಲದರಲ್ಲೂ ಪಾಸಾದಳು, ಗಣಿತದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ. ಬೈಯೋಣವೆಂದರೆ ಅವಳಿಗೆ ಗಣಿತ ಹೇಳಿಕೊಟ್ಟವಳು ನಾನೇ.