ಏಳು ದಿನದಲ್ಲಿ ಒಂದು ಗಂಟೆ

ರಿಜಿಸ್ಟರಿನಲ್ಲಿ ಇಲ್ಲದ ವಸ್ತು ಈ ಲೋಕದಲ್ಲೇ ಇಲ್ಲ ಎಂದು ನಂಬಿ ಬದುಕಿದವನು ನಾನು. ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಮೂವತ್ತೊಂದು ವರ್ಷ ನಟ್ಟು ಬೋಲ್ಟು ಎಣಿಸಿದವನಿಗೆ ಬೇರೆ ನಂಬಿಕೆ ಬರುವುದಾದರೂ ಹೇಗೆ? ಕಣ್ಣೆದುರಿಗೇ ಒಂದು ಡಬ್ಬಿ ಬೇರಿಂಗು ಕೂತಿದ್ದರೂ ಪುಸ್ತಕಕ್ಕೆ ಏರಿಲ್ಲದಿದ್ದರೆ, "ಸ್ಟಾಕ್ ಇಲ್ಲ ಕಣ್ರೀ" ಎಂದು ಗಂಭೀರವಾಗಿ ಹೇಳಿ ಕೇಳಲು ಬಂದವರನ್ನು ಸಾಗಹಾಕುತ್ತಿದ್ದೆ. ಬೇರಿಂಗು ಪಾಪ ಸುಮ್ಮನಿರುತ್ತಿತ್ತು. ಇದೇ ಪದ್ಧತಿಯನ್ನು ಹೆಂಡತಿಯ ವಿಷಯದಲ್ಲೂ ನಡೆಸಬಹುದು ಅಂದುಕೊಂಡದ್ದು ನನ್ನ ತಪ್ಪು.

ನಿವೃತ್ತಿಗೆ ಇನ್ನು ಮೂರು ವಾರವಿತ್ತು. ಉಳಿದಿರುವ ರಜೆ ತೀರಿಸಿಬಿಡಿ ಎಂದು ಆಫೀಸಿನವರು ಹೇಳಿದ್ದರಿಂದ, ಬಾಗಲಗುಂಟೆಯ ನಮ್ಮ ಮನೆಯ ದಿವಾನ್ ಮಂಚದ ಮೇಲೆ ಹತ್ತು ದಿನದಿಂದ ಒರಗಿಕೊಂಡಿದ್ದೆ. ಆಗ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಗೇಟು ತೆಗೆದು ಬಂದಳು. ಹೆಸರು ಶ್ವೇತಾ, ಅಟ್ಟೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. "ಉದ್ಯೋಗ, ನಿರುದ್ಯೋಗದ ಸಮೀಕ್ಷೆ ಸರ್, ಸರ್ಕಾರದ್ದು. ಚೀಟಿ ಎತ್ತೋ ಥರ ಮನೆ ಆರಿಸ್ತಾರೆ. ನಿಮ್ಮನೆ ಬಂದಿದೆ," ಎಂದಳು. ಮಹಡಿ ಮನೆಯವರು ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದಿದ್ದಾಳೆಂದು ಬಾಗಿಲು ಹಾಕಿಕೊಂಡರು. ನನಗೋ, ಜನ್ಮದಲ್ಲಿ ಒಂದು ಚೀಟಿಯೂ ನನ್ನ ಹೆಸರಿಗೆ ಎದ್ದದ್ದಿಲ್ಲ. ಖುಷಿಯಾಯಿತು. ಕೂರಿಸಿದೆ. ಮನೆಯ ವಿಷಯ ಗೊತ್ತಿರುವ ಒಬ್ಬರು ಎಲ್ಲರ ಪರವಾಗಿ ಹೇಳಿದರೂ ನಡೆಯುತ್ತದೆ ಎಂದಳು. ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಗಿರಿಜಾ. ಮಗಳು ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ಮನೆಯ ವಿಷಯ ನನಗಿಂತ ಇನ್ಯಾರಿಗೆ ಗೊತ್ತು ಎಂದು ಕಾಲ ಮೇಲೆ ಕಾಲು ಹಾಕಿಕೊಂಡೆ.

"ಕಳೆದ ಏಳು ದಿನದಲ್ಲಿ ಯಾವತ್ತಾದ್ರೂ ಒಂದು ಗಂಟೆನಾದ್ರೂ ಕೆಲಸ ಮಾಡಿದ್ರಾ ಸರ್?" ಎಂಬುದು ಅವಳ ಪ್ರಶ್ನೆ. ಇಲ್ಲವಲ್ಲ, ರಜೆ ಎಂದೆ. "ಪರವಾಗಿಲ್ಲ ಸರ್, ಕೆಲಸ ಇದ್ದು ರಜೆಯಲ್ಲಿದ್ರೆ ಉದ್ಯೋಗಸ್ಥರು ಅಂತಾನೇ ಲೆಕ್ಕ." ಸರ್ಕಾರದ ಮೇಲೆ ಗೌರವ ಹೆಚ್ಚಿತು. ಇಷ್ಟು ಹೊತ್ತೂ ಅಡಿಗೆಮನೆಯಿಂದ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು.

"ಮೇಡಮ್ಮು ಸರ್?"

"ಏನಿಲ್ಲ, ಮನೇಲೇ ಇರ್ತಾಳೆ."

ಶ್ವೇತಾ ಸದ್ದು ಬಂದ ಕಡೆ ಕಿವಿಗೊಟ್ಟಳು. "ರೊಟ್ಟಿ ತುಂಬಾ ಹೊತ್ತಿಂದ ಬಡೀತಿದ್ದಾರಲ್ಲ ಸರ್, ಮಾರ್ತಾರಾ?"

ಇಲ್ಲಿ ನನ್ನ ಜಂಬ ಅಡ್ಡ ಬಂತು. ನಾವು ಗದಗಿನ ಕಡೆಯವರು. ಈ ಭಾಗದಲ್ಲಿ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮ ಕಡೆಯ ಮೇಷ್ಟ್ರುಗಳು, ಕಾರ್ಖಾನೆಯವರು, ಬಾಡಿಗೆ ರೂಮಿನ ಗುಮಾಸ್ತರು ವರ್ಷಗಳಿಂದ ನಮ್ಮ ಗೇಟಿಗೆ ಬಂದು ಕಡಕ್ ರೊಟ್ಟಿ ಒಯ್ಯುತ್ತಾರೆ. ದುಡ್ಡನ್ನೂ ಕೊಡುತ್ತಾರೆ. ಆದರೆ ಸ್ಟೋರ್ಸ್ ಸೂಪರ್‌ವೈಸರನ ಹೆಂಡತಿ ರೊಟ್ಟಿ ಮಾರುತ್ತಾಳೆಂದು ಸರ್ಕಾರದ ಪುಸ್ತಕದಲ್ಲಿ ಬರೆಸುವುದೇ? "ಛೇ, ಮಾರೋದೇನಿಲ್ಲಮ್ಮ. ಗೊತ್ತಿರೋರಿಗೆ ಕೊಡ್ತಾಳೆ. ಬೇಡ ಅಂದ್ರೂ ಅವರೇ ಏನೋ ಕೊಟ್ಟು ಹೋಗ್ತಾರೆ," ಎಂದೆ. ಅವಳು ಎರಡು ಸಲ ಕೇಳಿದಳು, ನಾನು ಎರಡು ಸಲವೂ ಅದನ್ನೇ ಹೇಳಿದೆ. ಮನೆಗೆಲಸ ಮಾತ್ರ ಎಂದು ಬೆರಳಿನಿಂದ ಒತ್ತಿಬಿಟ್ಟಳು. ಹತ್ತು ದಿನ ದಿವಾನ್ ಸವೆಸಿದವನು ಉದ್ಯೋಗಸ್ಥ, ಬೆಳಗಿನಿಂದ ಒಲೆಯ ಮುಂದೆ ನಿಂತವಳು ಲೆಕ್ಕಕ್ಕಿಲ್ಲ. ಆಗ ಇದರಲ್ಲಿ ನನಗೆ ಏನೂ ವಿಚಿತ್ರ ಕಾಣಲಿಲ್ಲ. ಪಟಪಟ ಸದ್ದು ನಿಂತಿದ್ದನ್ನೂ ಗಮನಿಸಲಿಲ್ಲ.

ಮಧ್ಯಾಹ್ನ ತಟ್ಟೆಯಲ್ಲಿ ಅನ್ನ ಬಂತು. ಎಣ್ಣೆಗಾಯಿ ಪಲ್ಯ ಮಾಡಿ ಜೊತೆಗೆ ಅನ್ನ!

"ಯಾಕ, ರೊಟ್ಟಿ ಇಲ್ಲೇನು?"

"ಅದು ಕೆಲಸ ಅಲ್ಲಲ್ರೀ. ಅದಕ್ಕ ಮಾಡಲಿಲ್ಲ."

ಗಿರಿಜಾ ಜಗಳವಾಡುವವಳಲ್ಲ. ನಿರ್ಧಾರ ಮಾಡುವವಳು. ಜಗಳಕ್ಕೆ ರಾಜಿಯಾದರೂ ಉಂಟು, ಅವಳ ನಿರ್ಧಾರಕ್ಕೆ ಅದೂ ಇಲ್ಲ. ಗೇಟಿನವರಿಗೆಲ್ಲ ಎಂದಿನಂತೆ ರೊಟ್ಟಿ ಹೋಯಿತು. ಸಾಲಾಗಿ ಬಟ್ಟೆಯ ಮೇಲೆ ಆರಿದವು, ಕಟ್ಟು ಕಟ್ಟಾಗಿ ಹೊರಟವು. ನನಗೆ ಮಾತ್ರ ಮೂರು ಹೊತ್ತೂ ಅನ್ನ. ನಮ್ಮ ಕಡೆಯವನಿಗೆ ಇದೆಂಥ ಶಿಕ್ಷೆ ಎಂದು ಬಲ್ಲವರೇ ಬಲ್ಲರು. ನಾಲ್ಕನೆಯ ದಿನ ದಾಸರಹಳ್ಳಿಯ ಖಾನಾವಳಿಯೊಂದಕ್ಕೆ ಕಳ್ಳನಂತೆ ಹೋಗಿ ರೊಟ್ಟಿ ಕೇಳಿದೆ. ತುಂಡು ಮುರಿದು ಬಾಯಿಗಿಟ್ಟ ಕೂಡಲೇ ಕೈ ಗುರುತು ಸಿಕ್ಕಿತು. "ಎಲ್ಲಿಂದ ತರಸ್ತೀರಿ?" ಎಂದೆ. ಮಾಲೀಕರು ಹೆಮ್ಮೆಯಿಂದ, "ಬಾಗಲಗುಂಟಿ ಗಿರಿಜಕ್ಕಾರ ಮಾಲು. ಹದಿಮೂರು ವರ್ಷ ಆತ್ರಿ, ಒಂದ ದಿನಾನೂ ತಪ್ಪಿಸಿಲ್ಲ," ಎಂದರು. ಗಿರಿಜಕ್ಕನ ಗಂಡ ನಾನೇ ಎಂದು ಹೇಳಲು ನಾಲಗೆ ಏಳಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಉಳಿದದ್ದನ್ನು ಉಂಡೆ. ನಿಜ ಹೇಳುತ್ತೇನೆ, ಬಹಳ ನಾಚಿಕೆಯಾಯಿತು. ಮನೆಯೊಳಗೇ ಹದಿಮೂರು ವರ್ಷದ ಸ್ಟಾಕು, ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಶ್ವೇತಾ ಕೊಟ್ಟು ಹೋಗಿದ್ದ ನಂಬರಿಗೆ ಅಲ್ಲಿಂದಲೇ ಫೋನು ಮಾಡಿದೆ. ತಪ್ಪು ಬರೆಸಿದ್ದೇನೆ, ತಿದ್ದಲೇಬೇಕು ಎಂದು ಹಟ ಹಿಡಿದೆ. "ಅದು ಸಬ್‌ಮಿಟ್ ಆಗೋಯ್ತು ಸರ್. ಮುಂದಿನ ತಿಂಗಳು ಮತ್ತೆ ಬರ್ತೀನಿ, ಒಟ್ಟು ನಾಲ್ಕು ಸಲ ಬರ್ಬೇಕು ನಿಮ್ಮನೆಗೆ. ಆಗ ಸರಿಯಾಗಿ ಹೇಳಿ," ಎಂದಳು. ಏನೇ ಆಗಲಿ, ಆ ದಿನ ಗಿರಿಜಾಳನ್ನೇ ಕೂರಿಸಿ ಬರೆಸುತ್ತೇನೆಂದು ಶಪಥ ಮಾಡಿದೆ. ಮನೆಗೆ ಬಂದು ಅವಳಿಗೂ ಹೇಳಿದೆ. ರಾತ್ರಿ ತಟ್ಟೆಗೆ ಅರ್ಧ ರೊಟ್ಟಿ ಬಿತ್ತು. ಅಡ್ವಾನ್ಸ್ ಇರಬೇಕು.

ಈ ನಡುವೆ ನಾನು ನಿವೃತ್ತನಾದೆ. ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಆದ ಮೇಲೆ, ಮುಂದಿನ ಸೋಮವಾರ ಬೆಳಿಗ್ಗೆ ಶೂ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಗಿರಿಜಾ ನೋಡಿದಳು, ನಗಲಿಲ್ಲ. "ಶೂ ಬಿಚ್ರಿ, ಇಲ್ಲಿ ಕುಂದರ್ರಿ," ಎಂದು ರೊಟ್ಟಿಯ ರಾಶಿಯನ್ನೂ ಪ್ಲಾಸ್ಟಿಕ್ ಕವರುಗಳನ್ನೂ ಮುಂದಿಟ್ಟಳು. ಕೂತೆ. ಆದರೂ ಒಳಗೊಳಗೇ ಭಯ. ಈ ಸಲ ಶ್ವೇತಾ ಬಂದಾಗ ನನ್ನ ಹೆಸರಿನ ಮುಂದೆ ಏನು ಬರೆದಾಳು? ಪಿಂಚಣಿ ಎನ್ನಲು ದೊಡ್ಡ ಪಿಂಚಣಿಯೇನಿಲ್ಲ. ಏನೂ ಇಲ್ಲ ಎಂದು ಬರೆಸಿಕೊಳ್ಳಲು ಜೀವ ಒಪ್ಪದು. ಮಾಕಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯನಿಗೆ ಫೋನು ಮಾಡಿ, "ಏನಾದ್ರೂ ಕೆಲಸ ಇದ್ರೆ ಹೇಳಪ್ಪಾ" ಎಂದೆ. ಇದ್ದರೆ ಹೇಳುತ್ತೇನೆಂದ. ಕೆಲಸ ಹುಡುಕುತ್ತಿದ್ದೇನೆ ಎನ್ನಲು ಇಷ್ಟು ಸಾಕು ಎಂದು ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡೆ.

ಶ್ವೇತಾ ಬಂದಳು. ಮಾತಿನಂತೆ ಗಿರಿಜಾಳನ್ನು ಕರೆದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. ನಾನು ನಿಂತೆ.

"ರೊಟ್ಟಿ ವ್ಯಾಪಾರ. ಸ್ವಂತದ್ದು. ಹದಿಮೂರು ವರ್ಷ ಆತು," ಎಂದಳು. ದನಿಯಲ್ಲಿ ಅಳುಕಿಲ್ಲ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಎಲ್ಲಕ್ಕೂ ತಟ್ಟನೆ ಉತ್ತರ. ಇಂಥ ಸ್ಟೋರ್ಸ್ ಅಸಿಸ್ಟೆಂಟು ನನಗೆ ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಸಿಗಲಿಲ್ಲ.

"ಸರ್ ಈಗ ರಿಟೈರ್ಡ್ ಅಲ್ವಾ ಮೇಡಂ?"

ನಾನು ಬಾಯಿ ತೆರೆದೆ. ಗಿರಿಜಾ ಕೈ ಎತ್ತಿ ತಡೆದಳು. "ರಿಟೈರ್ ಕಾರ್ಖಾನಿಯಿಂದ. ಈಗ ನನ್ನ ಹತ್ರ ಅದಾರ. ಪ್ಯಾಕಿಂಗ್ ಮಾಡ್ತಾರ."

"ಏಳು ದಿನದಲ್ಲಿ ಒಂದು ಗಂಟೆನಾದ್ರೂ..."

"ಮಾಡ್ಯಾರ. ನಡುವ ಎರಡ ಸಲ ಚಾ ಕುಡದಾರ."

"ಸಂಬಳ?"

"ಸಂಬಳ ಎಲ್ಲೀದವ್ವಾ? ಊಟ ಹಾಕ್ತೇನಿ."

ಶ್ವೇತಾ ತುಟಿ ಕಚ್ಚಿಕೊಂಡು ಟ್ಯಾಬಿನಲ್ಲಿ ಹುಡುಕಿದಳು. ಅದಕ್ಕೂ ಒಂದು ಕಾಲಂ ಇತ್ತು! ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕ. "ನೀವು ಉದ್ಯೋಗಸ್ಥರೇ ಸರ್," ಎಂದು ಸಮಾಧಾನ ಹೇಳಿದಳು. ಅವಳದೂ ಕಾಂಟ್ರಾಕ್ಟ್ ಕೆಲಸವಂತೆ. ಹೋಗುವಾಗ ಗಿರಿಜಾ ಅವಳಿಗೊಂದು ಕಟ್ಟು ರೊಟ್ಟಿ ಕೊಡಲು ಹೋದಳು. ಏನೂ ತಗೊಳ್ಳೋ ಹಾಗಿಲ್ಲ ಎಂದು ಕೈಮುಗಿದು ಹೊರಟಳು.

ಬಾಗಿಲು ಹಾಕಿ ಬಂದು ನನ್ನ ಜಾಗದಲ್ಲಿ ಕೂತು ಕವರು ಬಿಡಿಸಿದೆ. ಒಂದು ತಿಂಗಳ ಹಿಂದೆ ಇದೇ ಮನೆಯಲ್ಲಿ ನಾನು ಇವಳನ್ನು ಎರಡು ಮಾತಿನಲ್ಲಿ ಇಲ್ಲವಾಗಿಸಿದ್ದೆ. ಇವಳು ಎರಡೇ ಮಾತಿನಲ್ಲಿ ನನ್ನನ್ನು ಉಳಿಸಿಕೊಂಡಳು. ಅದನ್ನು ಹೇಳಲು ಹೋದರೆ ಬಾಯಲ್ಲಿ ಬಂದದ್ದು ಸ್ವಾರ್ಥವೇ. "ಮುಂದಿನ ತಿಂಗಳ ಬಂದಾಗೂ ಹಿಂಗ ಹೇಳ್ತೀ ಅಲ್ಲ?"

ಗಿರಿಜಾ ನಾನು ಕಟ್ಟಿದ ಒಂದು ಕವರನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಮುರಿದ ರೊಟ್ಟಿಯೊಂದಿತ್ತು. ಅದನ್ನು ತೆಗೆದು ನನ್ನ ತಟ್ಟೆಗೆ ಹಾಕಿದಳು.

"ನೋಡೂಣ್ರಿ," ಎಂದಳು, "ಈ ತಿಂಗಳ ಹೆಂಗ ಕೆಲಸಾ ಮಾಡ್ತೀರಿ ಅಂತ."